ನೀರು ತಿರುಗಿ ಬಿಟ್ಟವರು

ಜೌಗು ನೆಲ ನೋಡಲು ಯಾರಾದರೂ ಕಾರು ಮಾಡಿಕೊಂಡು ಹೋಗುತ್ತಾರೆಯೇ? ನಮ್ಮ ಕಡೆ ಹಾಗೆಂದರೆ ನಗುತ್ತಾರೆ. ಜೌಗೆಂದರೆ ನಮಗೆ ಎತ್ತಿನ ಕಾಲು ಹೂಳುವ ಜಾಗ, ಸೊಳ್ಳೆ ಹುಟ್ಟುವ ಜಾಗ, ಕೊನೆಗೊಂದು ದಿನ ಊರಿನ ಕಸವನ್ನೆಲ್ಲ ತಂದು ಸುರಿದು ಮೇಲೆ ಪ್ಲಾಟು ಹಾಕುವ ಜಾಗ. ಆದ್ದರಿಂದ 2022ರ ನವೆಂಬರ್ ನಡುವಿನ ಒಂದು ಶನಿವಾರ ನನ್ನ ಅಳಿಯ, "ಅತ್ತೀ, ಇವತ್ತ ನಿಮಗೊಂದು ಜೌಗು ತೋರಸ್ತೀನ್ರೀ" ಎಂದಾಗ ತಮಾಷೆ ಎಂದೇ ತಿಳಿದೆ. ಮಗಳ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಗೆ ಹೋಗಿದ್ದೆ. ಎರಡು ತಿಂಗಳಿನಿಂದ ಅಡಿಗೆಮನೆ, ತೊಟ್ಟಿಲು, ಕಿಟಕಿ ಇಷ್ಟೇ ನನ್ನ ಅಮೆರಿಕ. ಹೋಗಿಬರೋಣ ಎಂದು ಎದ್ದೆ.

ನನ್ನ ಮನಸ್ಸು ಆ ವಾರ ನೆಟ್ಟಗಿರಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಊರಿನಿಂದ ಒಂದು ಫೋನು ಬಂದಿತ್ತು. 1999ರಲ್ಲಿ ಹತ್ತನೆಯ ತರಗತಿ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಿದ್ದರು. ಶಾಲು, ಹಾರ, ಫಲಪುಷ್ಪ, ನಮ್ಮ ಕೈಯಲ್ಲಿ ಪೆಟ್ಟು ತಿಂದವರೇ ನಮ್ಮ ಕಾಲು ಮುಟ್ಟುವುದು, ಎಲ್ಲ ನಿಮಗೆ ಗೊತ್ತಿರುವುದೇ. ಬರಲೇಬೇಕು ಅಕ್ಕೋರೇ ಎಂದು ಒಬ್ಬ ಹುಡುಗ (ಹುಡುಗನೇನು, ನಲವತ್ತಕ್ಕೆ ಬಂದ ಗೃಹಸ್ಥ) ಯಾರು ಯಾರು ಬರುತ್ತಾರೆಂದು ಹೆಸರು ಓದುತ್ತ ಹೋದ. ಕೊನೆಗೆ ನಾನು ತಡೆಯಲಾರದೆ ಒಂದು ಹೆಸರು ಹೇಳಿ, ಆಕೆ ಬರುತ್ತಾಳೇನಪ್ಪ ಎಂದು ಕೇಳಿದೆ. ಅವನು ನಕ್ಕ. "ಯಾರು, ಆ ರೊಕ್ಕದ ಹುಡುಗೀ ಏನ್ರೀ? ಆಕಿ ಎಲ್ಲಿದಾಳೋ ಯಾರಿಗ್ಗೊತ್ತು."

ಆ ನಗು ಕಿವಿಯಲ್ಲಿಯೇ ಇತ್ತು.

ಮಿಲ್ವಾಕಿಯಿಂದ ವಾಯವ್ಯಕ್ಕೆ ಒಂದು ಗಂಟೆಯ ದಾರಿ. ಎರಡೂ ಬದಿಗೆ ಕೊಯ್ದು ಮುಗಿದ ಗೋವಿನಜೋಳದ ಹೊಲಗಳು, ಬರೀ ಕೂಳೆ. ಮರಗಳು ಎಲೆ ಉದುರಿಸಿ ನಿಂತಿದ್ದವು. ಹೋರಿಕಾನ್ ಎಂಬ ಸಣ್ಣ ಊರು ದಾಟಿದರೆ ದಿಬ್ಬದ ಮೇಲೊಂದು ಕಟ್ಟಡ. ಅದರ ಕೆಳಗೆ ಕಣ್ಣು ಹಾಯುವವರೆಗೆ ಕಂದು ಬಣ್ಣ. ಅದೇ ಹೋರಿಕಾನ್ ಜೌಗು. ಸುಮಾರು 33,000 ಎಕರೆ. ನಮ್ಮ ಕೆರೆಯಂಚಿನಲ್ಲಿ ಬೆಳೆಯುವ ಜೊಂಡು, ಕೆಲವರು ಆಪು ಎನ್ನುತ್ತಾರಲ್ಲ, ಅದರದೇ ಜಾತಿಯ ಹುಲ್ಲು ಆಳೆತ್ತರ ಒಣಗಿ ನಿಂತಿತ್ತು. ಅದರ ತುದಿಗೆ ಊದುಬತ್ತಿಯ ಕಟ್ಟಿನ ಹಾಗೆ ಕಾಣುವ ತೆನೆ; ಒಡೆದವುಗಳಿಂದ ಅರಳೆ ಹಾರುತ್ತಿತ್ತು. ನಡುನಡುವೆ ಕಪ್ಪು ನೀರು. ನೀರಿನಲ್ಲಿ ಅಲ್ಲಲ್ಲಿ ಹುಲ್ಲಿನ ಗುಪ್ಪೆ, ನಮ್ಮ ಹೊಲದ ಸಣ್ಣ ಬಣವೆಯಂತೆ. ಮಸ್ಕ್‌ರ‍್ಯಾಟ್ ಎಂಬ ಪ್ರಾಣಿ ಚಳಿಗಾಲಕ್ಕೆ ಕಟ್ಟಿಕೊಂಡ ಮನೆಯಂತೆ ಅದು. ಜೊಂಡನ್ನೇ ಕಡಿದು, ಕೆಸರು ಮೆತ್ತಿ ಕಟ್ಟುತ್ತದೆ. ಬಾಗಿಲು ಮಾತ್ರ ನೀರಿನ ಕೆಳಗೆ.

ಮಗಳು ಕೂಸಿನೊಡನೆ ಕಟ್ಟಡದೊಳಗೇ ಉಳಿದಳು. ಅಳಿಯ ಕಾರಿನಲ್ಲಿ ಕೂಸಿನ ಬಾಟಲಿ ಹುಡುಕುತ್ತಿದ್ದ. ನಾನೊಬ್ಬಳೇ ದಿಬ್ಬ ಇಳಿದು ಜೊಂಡಿನ ನಡುವಿನ ಹಾದಿ ಹಿಡಿದೆ. ಹಿಮ ಬೀಳತೊಡಗಿದ್ದು ಆಗ. ಸಿನಿಮಾದಲ್ಲಿ ನೋಡಿದ ಹತ್ತಿಯಂಥ ಹಿಮವಲ್ಲ. ಮೊದಲು ರವೆ ಉದುರಿದ ಹಾಗೆ ಸಣ್ಣ ಕಾಳು. ಕೋಟಿನ ಮೇಲೆ ಟಿಕ್ ಟಿಕ್ ಎಂದು ಪುಟಿದು ಕೆಳಗೆ ಬೀಳುತ್ತಿತ್ತು. ಒಣಗಿದ ಎಲೆಗಳ ಮೇಲೆ ಬಿದ್ದು, ದೂರದಲ್ಲಿ ಯಾರೋ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಾರೇನೋ ಎಂಬಷ್ಟು ಸಪ್ಪಳ. ಆಮೇಲೆ ಕಾಳು ದೊಡ್ಡದಾಗಿ, ಮೆತ್ತಗಾಗಿ, ಆ ಸಪ್ಪಳವೂ ನಿಂತುಹೋಯಿತು. ಜೊಂಡಿನ ಮೇಲೆ ಬಿದ್ದದ್ದು ಉಳಿಯುತ್ತಿತ್ತು, ನೀರಿನ ಮೇಲೆ ಬಿದ್ದದ್ದು ಇಲ್ಲವಾಗುತ್ತಿತ್ತು. ಎಷ್ಟು ಹೊತ್ತು ನಿಂತೆನೋ. ಐವತ್ತು ಹುಡುಗರ ಗದ್ದಲದಲ್ಲಿ ಮೂವತ್ತು ವರ್ಷ ಕಳೆದ ಕಿವಿಗೆ ಅಷ್ಟು ಮೌನ ಒಮ್ಮೆಲೇ ಸಿಕ್ಕಿದರೆ ಹಿತವೂ ಆಗುತ್ತದೆ, ಹೆದರಿಕೆಯೂ ಆಗುತ್ತದೆ. ಮಾತನಾಡುವವರು ಯಾರೂ ಇಲ್ಲದಿದ್ದರೆ ಒಳಗಿನವರು ಮಾತನಾಡುತ್ತಾರೆ.

ಅಷ್ಟರಲ್ಲಿ ಹೆಬ್ಬಾತುಗಳು ಬಂದವು. ಮೊದಲು ದನಿ, ಆಮೇಲೆ ಸಾಲು. ಕಪ್ಪು ಕತ್ತು, ಕೆನ್ನೆಯ ಮೇಲೆ ಬಿಳಿ ಪಟ್ಟಿ, ಕೆನಡಾ ಹೆಬ್ಬಾತು ಎನ್ನುತ್ತಾರೆ. ಶರತ್ಕಾಲದಲ್ಲಿ ಉತ್ತರದಿಂದ ಬಂದು, ನೀರು ಹೆಪ್ಪುಗಟ್ಟುವವರೆಗೆ ಇಲ್ಲಿ ತಂಗಿ, ಸುತ್ತಲಿನ ಹೊಲದ ಕೂಳೆಯಲ್ಲಿ ಉಳಿದ ಕಾಳು ತಿಂದು ದಕ್ಷಿಣಕ್ಕೆ ಹೋಗುತ್ತವೆ. ಅವು ನೀರಿಗಿಳಿದದ್ದು ನೋಡಿ ನನಗೆ ಮಾಗಡಿ ಕೆರೆ ನೆನಪಾಯಿತು. ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ ಹತ್ತಿರದ ಆ ಕೆರೆಗೂ ಚಳಿಗಾಲಕ್ಕೆ ಹೆಬ್ಬಾತು ಬರುತ್ತವೆ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಯವು, ಹಿಮಾಲಯ ದಾಟಿ ಬರುವಂಥವು. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ಕುಳಿತಿರುತ್ತವೆ. ಅದು ನೆನಪಾದ ಮೇಲೆ ಮುಂದಿನದೂ ನೆನಪಾಗಲೇಬೇಕು. ಕೈ ಮರಗಟ್ಟುತ್ತಿದೆ ಎಂದು ನೆವ ಮಾಡಿಕೊಂಡು ತಿರುಗಿ ದಿಬ್ಬ ಹತ್ತಿದೆ.

ಕಟ್ಟಡದೊಳಗೆ ಆ ಜೌಗಿನ ಕಥೆಯನ್ನು ಚಿತ್ರ, ಮಾದರಿಗಳಲ್ಲಿ ಇಟ್ಟಿದ್ದರು. ನಾನು ಇತಿಹಾಸದ ಅಧ್ಯಾಪಕಿ, ಇಸವಿ ಕಂಡರೆ ಓದದೆ ಬಿಡುವವಳಲ್ಲ. ಕೋಟು ತೆಗೆದಿಟ್ಟು ಒಂದೊಂದೇ ಓದಿದೆ.

ಹಿಮಯುಗದ ಹಿಮನದಿ ಕರಗಿ ಹಿಂದೆ ಸರಿದಾಗ ಉಳಿದ ಸರೋವರ ಸಾವಿರಾರು ವರ್ಷಗಳಲ್ಲಿ ಹೂಳು ತುಂಬಿ ಜೌಗಾಗಿತ್ತಂತೆ. ಸುತ್ತ ಹೋ-ಚಂಕ್ ಎಂಬ ಮೂಲನಿವಾಸಿಗಳಿದ್ದರು. ಬಿಳಿಯರು ಬಂದರು. 1846ರಲ್ಲಿ ನದಿಗೆ ಒಡ್ಡು ಕಟ್ಟಿದರು. ಜೌಗು ಮುಳುಗಿ ದೊಡ್ಡ ಸರೋವರವಾಯಿತು. ಮುಳುಗಿದ ಹೊಲಗಳ ಒಡೆಯರು ಕೋರ್ಟಿಗೆ ಹೋದರು. 1869ರಲ್ಲಿ ಒಡ್ಡು ತೆಗೆಯಬೇಕಾಯಿತು, ಮತ್ತೆ ಜೌಗು ಬಂತು, ಬಾತುಕೋಳಿಗಳು ಬಂದವು. ಬೇಟೆಗಾರರು ಬಂದು ಪೇಟೆಗೆ ಮಾರಲು ರಾಶಿರಾಶಿ ಹೊಡೆದರು. ಸುಮ್ಮನೆ ಬಿದ್ದ ನೆಲ, ಇದನ್ನು ಒಣಗಿಸಿದರೆ ಎಷ್ಟು ಬೆಳೆ ಬಂದೀತು ಎಂದು ಇನ್ನೊಬ್ಬರಿಗೆ ಅನಿಸಿತು. 1910ರಿಂದ 1914ರವರೆಗೆ ಯಂತ್ರ ತಂದು ಉದ್ದಕ್ಕೂ ಕಾಲುವೆ ತೋಡಿದರು. ನೀರು ಹೋಯಿತು. ಬೆಳೆ ಮಾತ್ರ ಕೈಗೆ ಹತ್ತಲಿಲ್ಲ. ಒಣಗಿದ ನೆಲಕ್ಕೆ ಬೆಂಕಿ ಬಿತ್ತು.

ಈ ಬೆಂಕಿಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಜೌಗಿನ ಕೆಳಗೆ ಪೂರ್ತಿ ಕೊಳೆಯದ ಹುಲ್ಲು ಬೇರು ಪದರು ಪದರಾಗಿ ಕೂತು ಆದ ಮಣ್ಣಿಗೆ ಪೀಟ್ ಎನ್ನುತ್ತಾರೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ. ಎಂದರೆ ಒಂದು ಗೇಣು ಮಣ್ಣಿಗೆ ಎರಡು ನೂರು ವರ್ಷ. ಒಣಗಿದರೆ ಅದು ಕುಳ್ಳಿನ ಹಾಗೆ ಉರಿಯುತ್ತದೆ. ಜ್ವಾಲೆಯೂ ಕಾಣುವುದಿಲ್ಲ. ನೆಲದೊಳಗೇ ಕಿಡಿ ಹರಿಯುತ್ತ ತಿಂಗಳುಗಟ್ಟಲೆ, ಮೇಲೆ ಹಿಮ ಬಿದ್ದರೂ ಒಳಗೆ ಉರಿಯುತ್ತ ಇರಬಲ್ಲದು.

1920ರ ದಶಕದಲ್ಲಿ ಕೆಲವರಿಗೆ ಬುದ್ಧಿ ಬಂತು. ಅವರು ಹೆಚ್ಚಿನವರು ಗಾಳ ಹಾಕುವವರು, ಬಂದೂಕು ಹಿಡಿಯುವವರು. ಹಕ್ಕಿಯೇ ಇಲ್ಲದ ಮೇಲೆ ಬೇಟೆ ಎಲ್ಲಿಯದು? ಹೋರಾಡಿ 1927ರಲ್ಲಿ ರಾಜ್ಯದ ಕಾನೂನು ಮಾಡಿಸಿದರು. 1934ರಲ್ಲಿ ಮತ್ತೆ ಅಣೆಕಟ್ಟು ಕಟ್ಟಿ, ಈ ಸಲ ನೀರನ್ನು ಜೌಗಿಗೆ ಎಷ್ಟು ಬೇಕೋ ಅಷ್ಟೇ ನಿಲ್ಲಿಸಿದರು. 1941ರಲ್ಲಿ ಉತ್ತರದ ಭಾಗ ಕೇಂದ್ರ ಸರಕಾರದ ಆಶ್ರಯಧಾಮವಾಯಿತು. ಹಕ್ಕಿಗಳು ಬಂದವು, ಆಮೇಲಾಮೇಲೆ ಲಕ್ಷಗಟ್ಟಲೆ.

ಇಷ್ಟು ಓದಿದರೆ, ತಪ್ಪು ಮಾಡಿದರು, ತಿದ್ದಿಕೊಂಡರು, ಸುಖವಾಗಿದ್ದರು ಎಂದು ಕಥೆ ಮುಗಿಸಬಹುದು. ತರಗತಿಯಲ್ಲಿ ನಾನು ಹಾಗೆಯೇ ಮುಗಿಸುತ್ತಿದ್ದೆನೇನೋ. ಆದರೆ ಸುಟ್ಟ ಮಣ್ಣು? ಅದು ಬರಲಿಲ್ಲ. ನೀರು ಬಿಡಬಹುದು, ಮಣ್ಣನ್ನು ಬಿಡಲಾಗುವುದಿಲ್ಲ. ಮತ್ತೆ ಆ ನೀರೂ ಒಮ್ಮೆ ಬಿಟ್ಟರೆ ಮುಗಿಯಿತೆಂದಲ್ಲ. ಇವತ್ತಿಗೂ ತೂಬಿನ ಬಾಗಿಲು ಏರಿಸಿ ಇಳಿಸಿ ಲೆಕ್ಕ ಇಡುತ್ತಾರೆ. ಬೀಜ ಮೊಳೆಯಲೆಂದು ಕೆಲವು ಭಾಗದಲ್ಲಿ ಕೆಲವು ವರ್ಷ ನೀರು ತಗ್ಗಿಸಬೇಕು; ಹೊರಗಿನಿಂದ ಬಂದ ಕಾರ್ಪ್ ಮೀನು ತಳ ಕದಡಿ ಗಿಡ ಕೀಳದಂತೆ ಕಾಯಬೇಕು. ಮೊದಲು ತನ್ನಷ್ಟಕ್ಕೇ ಆಗುತ್ತಿದ್ದುದನ್ನು ಈಗ ಸಂಬಳದ ಮನುಷ್ಯರು ಮಾಡುತ್ತ ಇರಬೇಕು. ಇನ್ನು ಹೋ-ಚಂಕರು. 1830ರ ದಶಕದಲ್ಲಿ ಒಪ್ಪಂದದ ಹೆಸರಿನಲ್ಲಿ ನೆಲ ಬರೆಸಿಕೊಂಡು ಅವರನ್ನು ಮತ್ತೆ ಮತ್ತೆ ದೂರದ ರಾಜ್ಯಗಳಿಗೆ ಸಾಗಿಸಿದರು. ಅನೇಕರು ಕಾಲ್ನಡಿಗೆಯಲ್ಲಿ ವಿಸ್ಕಾನ್ಸಿನ್‌ಗೆ ತಿರುಗಿ ಬಂದರು. ಹಕ್ಕಿಗೆ ಜೌಗು ತಿರುಗಿ ಕೊಟ್ಟಂತೆ ಅವರಿಗೆ ಯಾರೂ ಈ ಜೌಗನ್ನು ತಿರುಗಿ ಕೊಡಲಿಲ್ಲ.

ಈಗ ನನ್ನ ಕಥೆ ಹೇಳದೆ ಉಪಾಯವಿಲ್ಲ.

1998ರ ಜನವರಿ. ಒಂಬತ್ತನೆಯ ತರಗತಿಯ ಮಕ್ಕಳನ್ನು ಮಾಗಡಿ ಕೆರೆಗೆ ಕರೆದೊಯ್ಯುವುದೆಂದು ತಲೆಗೆ ಹದಿನೈದು ರೂಪಾಯಿಯಂತೆ ನಾನು ಕೂಡಿಸಿದ್ದೆ. ನಲವತ್ತೆರಡು ಮಕ್ಕಳು, ಆರುನೂರ ಮೂವತ್ತು ರೂಪಾಯಿ. ಒಂದು ಮಧ್ಯಾಹ್ನ ಊಟದ ಬಿಡುವಿನ ನಂತರ ನೋಡಿದರೆ ಮೇಜಿನ ಖಾನೆಯಲ್ಲಿ ಹಣವಿರಲಿಲ್ಲ. ಬಿಡುವಿನಲ್ಲಿ ತರಗತಿಯಲ್ಲಿ ಉಳಿದಿದ್ದವಳು ಒಬ್ಬಳೇ ಹುಡುಗಿ. ಯಾಕೆ ಉಳಿದಿದ್ದೀ ಎಂದೆ. ತಲೆ ತಗ್ಗಿಸಿದಳು. ಬಿಸಿಯೂಟ ಇನ್ನೂ ಬಂದಿರದ ಕಾಲ ಅದು. ಬುತ್ತಿ ತಂದಿರಲಿಲ್ಲ, ಉಣ್ಣುವವರ ಮುಂದೆ ಹೋಗಿ ಕೂಡಲು ನಾಚಿಕೆ, ಅದಕ್ಕೆ ಉಳಿದಿದ್ದಳು. ಇದು ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ತಗ್ಗಿಸಿದ ತಲೆ ಮಾತ್ರ. ಎಲ್ಲರ ಮುಂದೆ ಅವಳ ಪಾಟೀಚೀಲ ಝಾಡಿಸಿದೆ. ಎರಡು ನೋಟುಪುಸ್ತಕ, ಒಂದು ಮುರಿದ ಕಂಪಾಸು ಬಿದ್ದವು. ಏನೂ ಸಿಗದೆ ಹೋದದ್ದು ನನ್ನ ಸಿಟ್ಟನ್ನು ಹೆಚ್ಚಿಸಿತು. ಎಲ್ಲಿ ಮುಚ್ಚಿಟ್ಟಿದ್ದೀ ಹೇಳು, ಎಂದೆ. ಕಳ್ಳಿ ಎಂಬ ಮಾತನ್ನು ನಾನು ಆಡಲಿಲ್ಲ ಎಂದು ಬಹಳ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ಆಡಬೇಕಾಗಿತ್ತೇ?

ನನ್ನ ಕೈಯಿಂದ ಹಣ ಹಾಕಿ ಪ್ರವಾಸ ಮಾಡಿಸಿದೆ. ನಲವತ್ತೊಂದು ಮಕ್ಕಳು ಹೆಬ್ಬಾತು ನೋಡಿ ಬಂದರು. ಎಂಟು ದಿನದ ಮೇಲೆ ಹಾಜರಿ ಪುಸ್ತಕದ ಹರಿದ ಖಾಕಿ ಹೊದಿಕೆ ಬದಲಾಯಿಸಹೋದರೆ ಅದರ ಮಡಿಕೆಯೊಳಗೆ ಲಕೋಟೆ. ನಾನೇ ಜೋಪಾನವಾಗಿರಲೆಂದು ಇಟ್ಟದ್ದು. ಮುಖ್ಯೋಪಾಧ್ಯಾಯರಿಗೆ ಹೇಳಿದೆ. "ಸಿಕ್ತಲ್ಲ, ಬಿಡ್ರಿ. ಮತ್ತ ಅದನ್ನ ಕೆದಕಿದ್ರ ಸಾಲಿ ಹೆಸರು ಕೆಡ್ತದ" ಎಂದರು. ಆ ಮಾತು ನನಗೆ ಬೇಕಾಗಿತ್ತು. ಸಂಜೆ ಅವಳ ಮನೆಗೆ ಹೋದೆ. ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ತಾಯಿ ಚಾಪೆ ಹಾಸಿ, ಚಹಾ ಕೊಟ್ಟು, "ಇರಲಿ ಬಿಡ್ರಿ ಅಕ್ಕೋರ, ದೊಡ್ಡವರು ನೀವು ಮನೀತನಕ ಬಂದ್ರಿ. ಆಕಿ ಸಾಲಿ ಸಾಕ್ರಿ, ಲಗ್ನಾ ಗೊತ್ತಾಗೇತಿ" ಎಂದಳು. ಆ ತಾಯಿಯ ಮರ್ಯಾದೆಯೇ ನನಗೆ ದೊಡ್ಡ ಶಿಕ್ಷೆಯಾಯಿತು ಎಂದು ಬರೆಯಬಹುದು. ನಿಜ ಹೇಳಲೇ? ಆ ಹೊತ್ತಿಗೆ ಹಗುರವಾಯಿತು. ಕ್ಷಮೆ ಕೇಳಿದ ಹಾಗೂ ಆಯಿತು, ಹುಡುಗಿಯ ಮುಖ ನೋಡುವುದು ತಪ್ಪಿದ ಹಾಗೂ ಆಯಿತು.

ಕಿಟಕಿಯ ಹೊರಗೆ ಹಿಮ ದಟ್ಟವಾಗುತ್ತಿತ್ತು. ಮಗಳ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ಹೇಳಿದೆ. ಹೆತ್ತ ಮಗಳಿಗೆ ಇಷ್ಟು ವರ್ಷ ಹೇಳಿರಲಿಲ್ಲ. ಅವಳು ಕೂಸನ್ನು ತಟ್ಟುತ್ತ ಕೇಳಿದಳು. ಆ ಹುಡುಗಿಯನ್ನು ಹುಡುಕಿ ಹೋಗಿ ಕ್ಷಮೆ ಕೇಳಬೇಕೆಂದಿದ್ದೇನೆ ಎಂದೆ.

"ಯಾಕಬೇ?" ಎಂದಳು. "ನಿನಗ ನಿದ್ದಿ ಬರಲಿ ಅಂತನಾ? ಆಕಿ ಎಲ್ಲೋ ಗಂಡ ಮಕ್ಕಳು ಅಂತ ಮರತು ಇರ್ತಾಳ. ನೀ ಹೋಗಿ ನೆನಪು ಮಾಡಿ ಅತ್ತು ಬರಾಕಿ. ಆಕಿನೂ ಅವರವ್ವನಂಗ ಚಾ ಕೊಟ್ಟು, ಇರಲಿ ಬಿಡ್ರಿ ಅನ್ನಬೇಕು. ಮತ್ತೊಮ್ಮೆ ಆಕೀನ ದೊಡ್ಡ ಮನಸ್ಸು ಮಾಡಬೇಕೇನು?"

ಈಗಿನ ಹುಡುಗಿಯರು ಹೀಗೆ. ಹಿರಿಯರಿಗೆ ಎದುರಾಡಬಾರದೆಂದು ಕಲಿಸಿದರೂ ಕಲಿಯುವುದಿಲ್ಲ, ಒಳ್ಳೆಯದೇ ಆಯಿತು. ನನಗೆ ಸಿಟ್ಟು ಬಂತು. ಆದರೆ ಉತ್ತರ ಇರಲಿಲ್ಲ.

ನಮ್ಮಲ್ಲಿ ಪ್ರಾಯಶ್ಚಿತ್ತವೆಂಬ ದೊಡ್ಡ ಮಾತಿದೆ. ಶಾಸ್ತ್ರಗಳಲ್ಲಿ ಅದಕ್ಕೆ ಅಧ್ಯಾಯಗಳೇ ಇವೆ. ಉಪವಾಸ, ಸ್ನಾನ, ಜಪ, ದಾನ. ನಾನು ಪಂಡಿತಳಲ್ಲ, ಆದರೆ ನಮ್ಮ ಮನೆಗಳಲ್ಲಿ ಅದು ನಡೆಯುವ ರೀತಿ ಗೊತ್ತು: ಅದೆಲ್ಲ ಪಾಪ ಮಾಡಿದವನ ಮೈಗೆ ಹತ್ತಿದ ಕೊಳೆ ತೊಳೆಯುವ ಏರ್ಪಾಟು. ಯಾರಿಗೆ ನೋವಾಯಿತೋ ಅವರು ಆ ಚಿತ್ರದಲ್ಲಿ ಇರುವುದೇ ಇಲ್ಲ. ದಾನವೂ ಅವರಿಗೆ ಹೋಗುವುದಿಲ್ಲ. ನಾನು ಆ ಹುಡುಗಿಯ ನೆನಪಿನಲ್ಲಿ ಬಡಮಕ್ಕಳ ಪರೀಕ್ಷಾ ಶುಲ್ಕ ಎಷ್ಟೋ ಸಲ ಕಟ್ಟಿದ್ದೇನೆ. ಅವಳಿಗೆ ಅದರಿಂದ ಏನಾಯಿತು? ಪಶ್ಚಾತ್ತಾಪವೇ ಪ್ರಾಯಶ್ಚಿತ್ತ ಎನ್ನುವವರೂ ಇದ್ದಾರೆ. ಇಪ್ಪತ್ತನಾಲ್ಕು ವರ್ಷ ಪಶ್ಚಾತ್ತಾಪ ಪಟ್ಟಿದ್ದೇನಲ್ಲ. ಫೋನಿನಲ್ಲಿ ಆ ಹುಡುಗ ನಕ್ಕಾಗ ಅವಳು ಇನ್ನೂ ರೊಕ್ಕದ ಹುಡುಗಿಯೇ ಆಗಿದ್ದಳು.

ಅಲ್ಲಿಗೆ ಬಂದಾಗ ನನಗೆ ಒಂದು ಹೊಳೆಯಿತು. ಅಷ್ಟು ಸರಳವಾದದ್ದು ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೆಂದು ಈಗಲೂ ಆಶ್ಚರ್ಯ. ನಾನು ತಪ್ಪು ಮಾಡಿದ್ದು ಅವಳೊಬ್ಬಳ ಮುಂದೆ ಅಲ್ಲ. ನಲವತ್ತೊಂದು ಮಕ್ಕಳ ಮುಂದೆ. ಹಣ ಸಿಕ್ಕಿದ್ದನ್ನು ಹೇಳಿದ್ದು ಮುಖ್ಯೋಪಾಧ್ಯಾಯರಿಗೆ ಮತ್ತು ಅವಳ ತಾಯಿಗೆ. ಕೇಳಬೇಕಾದ ಆ ನಲವತ್ತೊಂದು ಮಂದಿಗೆ ಯಾವತ್ತೂ ಹೇಳಲೇ ಇಲ್ಲ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತೇವೆ. ಹೋಯಿತು ಎಂದರೆ ಇಲ್ಲವಾಯಿತೆಂದಲ್ಲ. ಎಲ್ಲಿಗೆ ಹೋಯಿತೆಂದು ನಾವು ನೋಡಲು ಹೋಗುವುದಿಲ್ಲ, ಅಷ್ಟೇ.

ಜೌಗಿಗೆ ನೀರು ಬಿಟ್ಟವರು ಪುಣ್ಯಾತ್ಮರಾಗಿರಲಿಲ್ಲ, ಅವರಿಗೆ ಬಾತುಕೋಳಿ ಬೇಕಾಗಿತ್ತು. ಮಗಳು ಹೇಳಿದಂತೆ ನನಗೂ ನಿದ್ದೆ ಬೇಕಾಗಿದೆ, ಸುಳ್ಳೇಕೆ? ಆದರೆ ಕಾಲುವೆಯನ್ನು ತೋಡಿದಲ್ಲೇ ಅಡ್ಡ ಹಾಕಬೇಕು, ಬೇರೆಲ್ಲೋ ಗುಡಿ ಕಟ್ಟಿಸಿದರೆ ನೀರು ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಅಳಿಯ ಬಂದು ಹಿಮ ಹೆಚ್ಚಾಗುತ್ತಿದೆ, ಹೊರಡೋಣ ಎಂದ. ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ಡಿಸೆಂಬರ್ ಕೊನೆಗೆ ಊರಿಗೆ ಬಂದೆ. 2023ರ ಜನವರಿಯ ಕೊನೆಯ ಭಾನುವಾರ ಗುರುವಂದನೆ. ಇಪ್ಪತ್ತೇಳು ಜನ ಬಂದಿದ್ದರು. ನನ್ನ ಸರದಿ ಬಂದಾಗ ಶಾಲು ಹೊದಿಸುವ ಮೊದಲೇ ಮೈಕಿನ ಮುಂದೆ ಹೋಗಿ ನಿಂತೆ. ಬರೆದುಕೊಂಡು ಹೋದ ಚೀಟಿ ನಡುಗುತ್ತಿತ್ತು, ಅದನ್ನು ಮಡಿಚಿ, ಹಣ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರು ಇಟ್ಟದ್ದು ಎಂದಷ್ಟೇ ಹೇಳಿದೆ. ಹುಡುಗಿ ಬಿಡುವಿನಲ್ಲಿ ಯಾಕೆ ಉಳಿದಿದ್ದಳೆಂಬುದನ್ನು ಹೇಳಲಿಲ್ಲ; ಅದು ಅವಳದು, ಹೇಳುವ ಹಕ್ಕು ನನಗಿಲ್ಲ ಎನಿಸಿತು. (ಇಲ್ಲಿ ಬರೆದಿದ್ದೇನೆ, ಹೆಸರಿಲ್ಲದೆ. ಅದೂ ಸರಿಯೋ ತಪ್ಪೋ.) ಅತ್ತುಬಿಡುತ್ತೇನೆಂದು ಹೆದರಿದ್ದೆ, ಅಳು ಬರಲಿಲ್ಲ.

ಸಭೆ ಸುಮ್ಮನಾಯಿತು. ಯಾರೋ ಒಬ್ಬರು, "ಬಿಡ್ರಿ ಅಕ್ಕೋರ, ಹಳೇ ಮಾತು" ಎಂದರು. ಫೋನು ಮಾಡಿದ್ದ ಹುಡುಗ ಮುಖ ಎತ್ತಲಿಲ್ಲ. ನಿರೂಪಣೆಯವಳು ಏನು ಹೇಳಬೇಕೆಂದು ತಿಳಿಯದೆ, ಈಗ ಸನ್ಮಾನ ಎಂದಳು. ಶಾಲು ಹೊದಿಸಿದರು, ಬೇಡವೆನ್ನಲು ಆಗಲಿಲ್ಲ. ಅದು ಇನ್ನೂ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿದೆ.

ಊಟದ ನಂತರ ಕೈ ತೊಳೆಯುವಲ್ಲಿ ಒಬ್ಬಾಕೆ ನನ್ನ ಪಕ್ಕಕ್ಕೆ ಬಂದಳು. "ಅಕ್ಕೋರ, ಅವತ್ತ ನಾ ಆಕಿ ಬಾಜೂಕನ ಕುಂತಿದ್ನಿ. ಮನಿಗೆ ಹೋಗಿ ನಮ್ಮವ್ವಗ ಹೇಳಿದ್ನಿ. ನಮ್ಮವ್ವ ಓಣಿಗೆಲ್ಲ ಹೇಳಿದ್ಲು. ಆಕೀಗೆ ಮೊದಲು ಬಂದಿದ್ದ ಸಂಬಂಧ ಅದರಿಂದನ ತಪ್ಪಿತ್ರಿ. ಆಮ್ಯಾಲೆ ಗಡಿಬಿಡಿಲೆ ಎರಡನೇ ಸಂಬಂಧಕ್ಕ ಕೊಟ್ರು" ಎಂದಳು. ಎಷ್ಟು ದೂರ ಹರಿದಿತ್ತು ಅದು, ನೆಲದ ಕೆಳಗೇ. ನಾನು ನಳ ಬಂದು ಮಾಡುವುದನ್ನೂ ಮರೆತು ನಿಂತಿದ್ದೆ.

ಅವಳ ಬಳಿ ಆ ಹುಡುಗಿಯ ಫೋನ್ ನಂಬರ್ ಇತ್ತು. ಕೊಡಲೇ ಎಂದಳು. ಮಗಳ ಮಾತು ನೆನಪಾಗಿ, ಬೇಡ ಎಂದೆ. ಇವತ್ತು ಇಲ್ಲಿ ನಾನು ಹೇಳಿದ್ದನ್ನು ಅವಳಿಗೆ ತಿಳಿಸು, ನಾನು ಮಾತನಾಡಬಹುದೇ ಎಂದು ಕೇಳು, ಬೇಡವೆಂದರೆ ಅದೂ ಸರಿ ಎಂದೆ. "ಕೇಳಿ ಹೇಳ್ತೀನ್ರೀ" ಎಂದಳು.

ಹೇಳಿಲ್ಲ. ನಾನೂ ಮತ್ತೆ ಕೇಳಲು ಹೋಗಿಲ್ಲ.

2024ರ ಜನವರಿಯಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂತು. ಮಕ್ಕಳನ್ನು ಕರೆದುಕೊಂಡು ಹೋಗೋಣವೆಂದು ನಮ್ಮ ಶಾಲೆಯಲ್ಲಿ ಮಾತಾಯಿತು, ಹಣ ಕೂಡಿಸುವ ಕೆಲಸ ನನಗೇ ಬಂತು. ಆಗಿನಿಂದ ಯಾವ ಹಣವಾದರೂ ಕೊಟ್ಟ ಮಗುವಿನ ಮುಂದೆಯೇ ಎಣಿಸಿ ರಸೀದಿ ಬರೆದು, ಆ ದಿನವೇ ಕಚೇರಿಯ ಕಪಾಟಿಗೆ ಒಪ್ಪಿಸುತ್ತೇನೆ. ಜೊತೆಯ ಕಿರಿಯ ಶಿಕ್ಷಕಿಯರು, ಅಕ್ಕೋರಿಗೆ ವಯಸ್ಸಾಯಿತು, ಎರಡೆರಡು ಸಲ ಎಣಿಸುತ್ತಾರೆ ಎಂದು ನಗುತ್ತಾರೆ. ಮಧ್ಯಾಹ್ನದ ಬಿಡುವಿನಲ್ಲಿ ಯಾವ ಮಗುವಾದರೂ ತರಗತಿಯಲ್ಲಿ ಒಂಟಿಯಾಗಿ ಕುಳಿತಿದ್ದರೆ, ಬಿಸಿಯೂಟವಿದ್ದರೂ, ಊಟ ಆಯಿತೇನವ್ವಾ ಎಂದು ಮೊದಲು ಕೇಳುತ್ತೇನೆ.